ಗಚಾಂಜ ತೊಳೆದಿಟ್ಟ ಲೋಟ

ಜುಲೈ 3, ಬೆಳಿಗ್ಗೆ

ಮಾತ್ರೆ ಆಯಿತು. ಜ್ವರ ಇಲ್ಲ. ತೂಕ ನಿನ್ನೆಯದೇ. ನೈರೋಬಿಗಿಂತ ಎತ್ತರದ ನಮ್ಮ ನ್ಯಾಹುರುರುವಿಗೆ ಜುಲೈ ಎಂದರೆ ಚಳಿಗಾಲ. ಕಿಟಕಿಯಾಚೆ ಚಳಿ — ಹುಲ್ಲಿನ ಮೇಲೆ ಬೆಳ್ಳಗೆ ಇಬ್ಬನಿ, ಹಾಲಿನ ಕ್ಯಾನು ಹೊತ್ತ ಕತ್ತೆಗಾಡಿಗಳು. ಚಳಿಗಾಲ ಮುಗಿಯುವವರೆಗೆ ಶಾಲೆಗೆ ರಜೆ ಹಾಕಿದ್ದೇನೆ. ಭೂಗೋಳದ ಉತ್ತರಪತ್ರಿಕೆಗಳು ಮನೆಗೇ ಬರುತ್ತವೆ. ಅವನ್ನೂ ಒಂದು ದಿನ ಬಿಸಿಲಿಗಿಟ್ಟೇ ಮುಟ್ಟುವುದು.

ಗಚಾಂಜ ಮತ್ತೆ ಸೋಫಾ ಮೇಲೆ ಮಲಗಿದ್ದ. ಬೆನ್ನುನೋವಂತೆ. ಸೋಫಾ ಮೇಲೆ ಮಲಗಿದರೆ ಬೆನ್ನುನೋವು ಹೋಗುತ್ತದೆ ಎಂದು ಇವನಿಗೆ ಹೇಳಿದವರು ಯಾರು?

ಇನ್ನೊಂದು. ಚಹಾ ಕುಡಿದ ಲೋಟವನ್ನು ತಾನೇ ತೊಳೆದಿಟ್ಟ. ಬಿಸಿನೀರಲ್ಲಿ, ಸೋಪು ಹಾಕಿ. ಮದುವೆಯಾದಾಗಿನಿಂದ ನನ್ನ ಗಂಡ ಲೋಟ ತೊಳೆದದ್ದನ್ನು ನಾನು ಕಂಡಿಲ್ಲ.

ಸಣ್ಣ ವಿಷಯ. ಆದರೂ ಬರೆದಿಟ್ಟಿದ್ದೇನೆ — ಯಾಕೆ?

ಜುಲೈ 5

ಇವತ್ತು ಅಂಗಳದಲ್ಲೇ ನಿಂತು, ಕಿಟಕಿಯಾಚೆಯಿಂದ ಹೇಳಿದ. ಮುಖ ಬೇಲಿಯ ಕಡೆಗೆ.

"ಡೇರಿಲಿ ಕಂಪ್ರೆಸರ್ ಕೈಕೊಟ್ಟಿದೆ. ಹಾಲು ಒಡೆದ್ರೆ ರೈತರು ನನ್ನ ಸುಮ್ನೆ ಬಿಡಲ್ಲ. ಮ್ಯಾನೇಜರ್ ಅಂದ್ಮೇಲೆ ಅಲ್ಲೇ ಇರ್ಬೇಕು. ಒಂದೆರಡು ದಿನ ಅಲ್ಲೇ ಮಲಗ್ತೀನಿ."

"ಒಳಗೆ ಬಂದು ಹೇಳೋಕೇನಾಯ್ತು?"

"ಬೂಟೆಲ್ಲ ಕೆಸರು."

ಬೂಟು ನೋಡಿದೆ. ಒಣಗಿತ್ತು.

ಕೇಳಲಾರೆ. ಅದೇ ತೊಂದರೆ. ಅವನ ಎಡಗಡೆಯ ಕಿಡ್ನಿ ನನ್ನ ಹೊಟ್ಟೆಯ ಬಲಭಾಗದಲ್ಲಿದೆ. ಅಂಥವನನ್ನು ಯಾವ ಬಾಯಲ್ಲಿ ಕೇಳಲಿ, ಎಲ್ಲಿಗೆ ಹೋಗ್ತೀಯ ಅಂತ? ಚರ್ಚಿನಲ್ಲಿ ಅವನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿದ್ದಾರೆ. ಡೇರಿಯ ಗಂಡಸರು ಮಾತ್ರ ಬೆನ್ನ ಹಿಂದೆ 'ಒಂಟಿ ಇಂಜಿನ್' ಎನ್ನುತ್ತಾರೆ. ಹೆಂಡತಿಗೆ ಕಿಡ್ನಿ ಕೊಟ್ಟವನು ಅರ್ಧ ಗಂಡಸು ಎಂಬ ಲೆಕ್ಕ. ಅವನಿಗೂ ಗೊತ್ತು. ಅದಕ್ಕೇ ಎಲ್ಲರ ಎದುರು ಕ್ಯಾನುಗಳನ್ನು ಎರಡೆರಡು ಎತ್ತುತ್ತಾನೆ.

ಪೂರ್ತಿ ಗಂಡಸು ಎಂದು ತೋರಿಸಿಕೊಳ್ಳಲು ಬೇರೆ ದಾರಿಯೂ ಇದೆಯಲ್ಲ...

ಜುಲೈ 6, ಭಾನುವಾರ

ಚರ್ಚ್ ಮುಗಿಸಿ ವಾಂಗೂಯಿ ಬಂದಿದ್ದಳು. ನಮ್ಮ ಹೆಂಗಸರ ಚೀಟಿ ಗುಂಪಿನವಳು, ಮೂವತ್ತು ವರ್ಷಗಳ ಗೆಳೆತನ; ನನ್ನನ್ನು ಮಗಳ ಹೆಸರು ಹಿಡಿದು 'ನ್ಯೋಕಾಬಿ ಅಮ್ಮ' ಎಂದೇ ಕರೆಯುತ್ತಾಳೆ. ಮಾಸ್ಕ್ ಹಾಕಿಕೊಂಡು ಜಗಲಿಯ ಆ ತುದಿಗೆ ಕೂತಳು. ಲೋಟದ ವಿಷಯ ಬಾಯಿಜಾರಿ ಹೇಳಿಬಿಟ್ಟೆ.

"ತೊಳೆದ್ನಾ? ಸೋಪು ಹಾಕಿ?"

"ಹೂಂ."

"ನ್ಯೋಕಾಬಿ ಅಮ್ಮ, ಈ ವಯಸ್ಸಲ್ಲಿ ಗಂಡಸು ತಾನಾಗೇ ಲೋಟ ತೊಳೆಯೋದು ಕಲಿಯಲ್ಲ ಕಣೇ. ಯಾರೋ ಕಲಿಸಿದಾರೆ."

"ಸುಮ್ನಿರು. ಕಿಡ್ನಿ ಕೊಟ್ಟವನು ಅವನು."

"ಕಿಡ್ನಿ ಇಲ್ಲಿ ಕೊಟ್ಟ, ಸರಿ. ಉಳಿದದ್ದು ಎಲ್ಲಿ ಕೊಡ್ತಿದಾನೆ ಅಂತ ನೋಡ್ಕೋ."

ಇಬ್ಬರೂ ನಕ್ಕೆವು. ಹೊರಡುವಾಗ ನೆನಪಾದವಳಂತೆ ಅಂದಳು — ಶುಕ್ರವಾರ ಅವನನ್ನು ಮಾರ್ಕೆಟ್ಟಿನಲ್ಲಿ ನೋಡಿದಳಂತೆ. ನಿಂಬೆಹಣ್ಣು, ಶುಂಠಿ, ಜೇನು ಕೊಳ್ಳುತ್ತಿದ್ದನಂತೆ. ನಿನಗಾ? ಎಂದು ಕೇಳಿದಳು. ನನಗೇ ಅಂದೆ.

ಮನೆಗೆ ಒಂದು ನಿಂಬೆಹಣ್ಣೂ ಬಂದಿಲ್ಲ.

ಜುಲೈ 8

ಫೋನ್ ಮಾಡಿದೆ. ದನಿ ಒಡೆದಿತ್ತು. ಯಾಕೆ ಎಂದರೆ, "ಯಂತ್ರದ ಸದ್ದು. ಕೂಗಿ ಕೂಗಿ ಹೀಗಾಗಿದೆ," ಎಂದು ಕಟ್ ಮಾಡಿದ. ಯಂತ್ರ ಕೆಟ್ಟಿದೆ ಅಂದವನು ಇವನೇ ಅಲ್ಲವೇ?

ನೆಗಡಿಯಿರಬಹುದೇ ಎಂದು ಒಂದು ಕ್ಷಣ ಅನಿಸಿದ್ದು ನಿಜ. ತಳ್ಳಿಹಾಕಿದೆ. ನೆಗಡಿಯಾದರೆ ಹೇಳುತ್ತಿದ್ದ. ನನ್ನ ಮನೆಯಲ್ಲಿ ನೆಗಡಿಯ ಕಾನೂನು ಎಲ್ಲರಿಗೂ ಗೊತ್ತು. ಕ್ರಿಸ್‌ಮಸ್‌ಗೆ ಅವನ ತಾಯಿ ಎರಡು ಸಲ ಕೆಮ್ಮಿದ್ದಕ್ಕೆ ಗೇಟಿನಿಂದಲೇ ವಾಪಸ್ ಕಳಿಸಿದವಳು ನಾನು. ಮುಚ್ಚಿಡುವುದೆಂದರೆ ಅದು ಬೇರೆ ರೋಗ.

ನನಗೆ ಕಿಡ್ನಿ ಕೂರಿಸಿದ ಡಾಕ್ಟರ್ ಅಚೋಲಾ ಮೊದಲ ದಿನವೇ ಹೇಳಿದ್ದರು: ದೇಹಕ್ಕೆ ಹೊರಗಿನವರ ಮೇಲೆ ಸದಾ ಅನುಮಾನ, ಅದನ್ನು ಸುಮ್ಮನಿರಿಸಲೆಂದೇ ಈ ಮಾತ್ರೆಗಳು, ಇಲ್ಲದಿದ್ದರೆ ಕಿಡ್ನಿಯ ಮೇಲೆ ಬೀಳುತ್ತದೆ. ದೇಹದಿಂದ ಓಡಿಸಿದ ಅನುಮಾನವೆಲ್ಲ ತಲೆಗೆ ಹತ್ತಿ ಕೂತಿದೆಯೇನೋ. ಹಾಗಿದ್ದರೆ ಅದಕ್ಕೆ ಮಾತ್ರೆ ಯಾವುದು?

ಜುಲೈ 9, ಸಂಜೆ

ಹೋಗಿಬಂದೆ. ಡೇರಿಗೆ.

ಫ್ಲಾಸ್ಕಿನಲ್ಲಿ ಅಂಬಲಿ ತುಂಬಿಕೊಂಡು ಹೋದೆ. ಅಂಬಲಿ ಹಿಡಿದು ಬಂದ ಹೆಂಡತಿಯನ್ನು ಯಾವ ಗೇಟಿನಲ್ಲೂ ಏಕೆ ಬಂದಿರಿ ಎಂದು ಕೇಳುವುದಿಲ್ಲ. ಹಾಗೆಂದುಕೊಂಡಿದ್ದೆ. ಕಾವಲುಗಾರ ಅಡ್ಡ ನಿಂತ.

"ಟೀಚರಮ್ಮ, ಸಾಹೇಬ್ರು ಯಾರನ್ನೂ ಒಳಗೆ ಬಿಡಬೇಡ ಅಂದಿದಾರೆ."

"ಯಾರನ್ನೂ ಅಂದ್ರೆ ನನ್ನನ್ನೂನಾ?"

"ಮುಖ್ಯವಾಗಿ ನಿಮ್ಮನ್ನೇ."

ಆ ಒಂದು ಮಾತು ಸಾಕಾಯಿತು. ಅವನನ್ನು ದಾಟಿ ನಡೆದೆ. ಹಾಲಿನ ಟ್ಯಾಂಕಿನ ಹಿಂದೆ ಒಂದು ಸಣ್ಣ ಕೋಣೆ. ಕಿಟಕಿ ಮುಚ್ಚಿತ್ತು. ಬಾಗಿಲು ತಟ್ಟಿದೆ.

"ಯಾರು?"

"ನಾನು."

ಒಳಗೆ ಏನೋ ಸರಿದ ಸದ್ದು. "ಹೋಗು ವಾಮೈತ. ಒಳಗೆ ಬರಬೇಡ. ನನ್ನಾಣೆ."

ಮಾಸ್ಕ್ ಕೆಳಗೆಳೆದೆ. ನನ್ನ ಮುಖ ಅವನಿಗೆ ಕಾಣಬೇಕಿತ್ತು, ಸಿಟ್ಟು ಪೂರ್ತಿ ಕಾಣಬೇಕಿತ್ತು. ಅಗುಳಿ ಸಡಿಲವಾಗಿತ್ತು, ತಳ್ಳಿದ ಕೂಡಲೇ ಕಿತ್ತುಬಂತು. ಮಂಚದ ಮೇಲೆ ಕಂಬಳಿ, ಅದರಡಿ ಅವನು, ಪಕ್ಕದಲ್ಲಿ ಇನ್ನೊಂದು ಉಬ್ಬು. ಹೋಗಿ ಕಂಬಳಿ ಎಳೆದೆ.

ದಿಂಬು. ಬಿಸಿನೀರಿನ ಚೀಲ. ನಿಂಬೆಹಣ್ಣಿನ ಸಿಪ್ಪೆ.

ಅವನ ಕಣ್ಣು ಕೆಂಡ. ಗೋಡೆಗೆ ತಿರುಗಿ ಕೆಮ್ಮಿದ, ನಿಲ್ಲದೆ ಕೆಮ್ಮಿದ. ಆ ಕೋಣೆಯ ಗಾಳಿಯೆಲ್ಲ ಬೆಚ್ಚಗೆ, ಒದ್ದೆ. ನಾನು ಅದರ ನಡುವೆ ಬಾಯಿಬಿಟ್ಟುಕೊಂಡು ನಿಂತಿದ್ದೆ.

"ಮಾಸ್ಕ್ ಹಾಕ್ಕೊಳ್ಳೇ, ಹುಚ್ಚಿ!"

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ? ಒಂಟಿ ಇಂಜಿನ್ ಕೆಟ್ಟು ನಿಂತ್ಕೊಂತು ಅಂತ ಊರೆಲ್ಲ ಆಡ್ಕೊಳ್ಳೋಕಾ? ನೀನು ಬೇರೆ ಊಟ ನಿದ್ದೆ ಬಿಡ್ತಿದ್ದೆ. ವಾಸಿಯಾದ್ಮೇಲೆ ಬರೋಣ ಅಂತಿದ್ದೆ." ಮೂಗಿನವರೆಗೆ ಕಂಬಳಿ ಎಳೆದುಕೊಂಡ. "ನೀನ್ಯಾಕೆ ಬಂದೆ?"

ಕೈಯಲ್ಲಿ ಫ್ಲಾಸ್ಕ್ ಇತ್ತು.

"ಅಂಬಲಿ ತಂದೆ."

ಅವನ ಕಣ್ಣು ತುಂಬಿ ಬಂತು. ನಂಬಿಬಿಟ್ಟ.

ಜುಲೈ 10

ಸ್ನಾನ ಮಾಡಿದೆ, ಬಾಯಿ ಮುಕ್ಕಳಿಸಿದೆ, ಬಟ್ಟೆ ಕುದಿಸಿದೆ. ಅಚೋಲಾ ಅವರಿಗೆ ಫೋನ್ ಮಾಡಬೇಕು. ಜ್ವರದವರ ಹತ್ತಿರ ಹೋದರೆ ಅದೇ ದಿನ ತಿಳಿಸಬೇಕೆಂದು ನಿಯಮ. ಆದರೆ ಮೊದಲ ಪ್ರಶ್ನೆ — ಮಾಸ್ಕ್ ಇತ್ತೇ? ಎರಡನೆಯದು — ಯಾಕೆ ತೆಗೆದಿರಿ?

ನಾಳೆ ಮಾಡುತ್ತೇನೆ.

ಜುಲೈ 12

ಗಂಟಲಲ್ಲಿ ಏನೋ. ಉತ್ತರಪತ್ರಿಕೆಯ ಧೂಳಿರಬೇಕು.

ಜುಲೈ 17, ನೈರೋಬಿ, ಆಸ್ಪತ್ರೆ

ಪೆನ್ನು ಹಿಡಿಯಬಹುದು. ಮೂಗಿಗೆ ಆಕ್ಸಿಜನ್. ಫ್ಲೂ, ಎರಡೂ ಶ್ವಾಸಕೋಶಕ್ಕೆ ಇಳಿದಿದೆ. ಬೇರೆಯವರಿಗೆ ಒಂದು ವಾರದ ಕೆಮ್ಮು. ನನಗೆ ಹೀಗೆ.

ಬೆಳಿಗ್ಗೆ ತಟ್ಟೆಯಲ್ಲಿ ಮಾತ್ರೆ ಕಡಿಮೆ ಇದ್ದವು. ನರ್ಸ್ ಮೇಲೆ ಹರಿಹಾಯ್ದೆ, ಉಸಿರು ಇದ್ದಷ್ಟು. ಕದ್ದಳು ಎಂದೇ ಅನಿಸಿತು, ನಾಚಿಕೆಯಾಗುತ್ತದೆ. ಡಾಕ್ಟರ್ ಅಚೋಲಾ ಬಂದರು.

"ತೆಗೆದಿದ್ದು ನಾನೇ, ಟೀಚರ್. ಈಗ ನಿಮ್ಮ ದೇಹ ವೈರಸ್ ಜೊತೆ ಗುದ್ದಾಡಬೇಕು. ಕೈ ಕಟ್ಟಿಹಾಕಿದ್ರೆ ಹೇಗೆ ಗುದ್ದಾಡುತ್ತೆ?"

"ಬಿಚ್ಚಿದ್ರೆ ಕಿಡ್ನಿನೂ ಗುದ್ದುತ್ತೆ."

"ಗುದ್ದಬಹುದು." ನೋಟ ತಪ್ಪಿಸಲಿಲ್ಲ. "ಎರಡೂ ಉಳಿಸೋಕೆ ನೋಡ್ತೀವಿ. ಒಂದೇ ಅಂತ ಬಂದ್ರೆ ನಿಮ್ಮನ್ನ."

ಮೂತ್ರ ನಿನ್ನೆಗಿಂತ ಕಡಿಮೆ. ಚೀಲ ನೋಡುತ್ತಾ ಮಲಗಿದ್ದೇನೆ.

ಜುಲೈ 20, ಭಾನುವಾರ

ವಾಂಗೂಯಿ ಫೋನಿಗೆ ದನಿ ರೆಕಾರ್ಡ್ ಮಾಡಿ ಕಳಿಸಿದ್ದಾಳೆ. ಮೂರು ಸಲ ಕೇಳಿದೆ.

"ನ್ಯೋಕಾಬಿ ಅಮ್ಮ, ನಿನ್ನ ಗಂಡ ಇವತ್ತು ಚರ್ಚಲ್ಲಿ ತಾನಾಗೇ ಎದ್ದು ನಿಂತ. ಡೇರಿಯವರೆಲ್ಲ ಇದ್ರು. 'ನಾನು ಜ್ವರ ಮುಚ್ಚಿಟ್ಟೆ, ಒಂಟಿ ಇಂಜಿನ್ ಅಂತೀರ ಅಂತ ನಾಚಿ ಮುಚ್ಚಿಟ್ಟೆ. ನನ್ನ ಹೆಂಡತಿ ಹೇಗೋ ತಿಳ್ಕೊಂಡು, ಜೀವದ ಹಂಗಿಲ್ಲದೆ, ಆ ಚಳೀಲಿ ನಂಗೆ ಅಂಬಲಿ ತಂದ್ಲು' ಅಂದ. ಅತ್ತುಬಿಟ್ಟ ಕಣೇ. ಹೆಂಗಸರೆಲ್ಲ ಅತ್ರು. ನಾನೂ ಅತ್ತೆ. ಆ ಲೋಟದ ವಿಷಯ ನಾನು ಬಾಯಿ ಬಿಟ್ಟಿಲ್ಲ, ಬಿಡೋದೂ ಇಲ್ಲ. ನೀನು ಬೇಗ ಬಾ."

ಊರೆಲ್ಲ ಪ್ರಾರ್ಥನೆ ಮಾಡುತ್ತಿದೆ. ಆ ಅಂಬಲಿಗಾಗಿ.

ಜುಲೈ 21, ಮಧ್ಯಾಹ್ನ

ಆಕ್ಸಿಜನ್ ಸಾಲುತ್ತಿಲ್ಲ. ಸಂಜೆ ಗಂಟಲಿಗೆ ಕೊಳವೆ ಹಾಕುತ್ತಾರೆ. ನಿದ್ದೆಯ ಮದ್ದು ಕೊಟ್ಟು ಮಲಗಿಸಿಬಿಡುತ್ತಾರಂತೆ. ಏನಾದರೂ ಹೇಳುವುದಿದ್ದರೆ ಈಗಲೇ ಹೇಳಿ ಎಂದರು ಅಚೋಲಾ. ಗಚಾಂಜನನ್ನು ಒಳಗೆ ಬಿಡುತ್ತಾರೆ.

ಹೇಳಬೇಕೇ? ನಾನು ಏಳದಿದ್ದರೆ ಅವನಿಗೆ ಉಳಿಯುವುದು ಆ ಫ್ಲಾಸ್ಕ್ ಒಂದೇ. ಅದನ್ನೂ ಕಿತ್ತುಕೊಳ್ಳಲೇ? ಎದ್ದರೆ — ದಿನಾ ಅವನು ಆ ಕಣ್ಣಲ್ಲಿ ನೋಡುತ್ತಾನೆ. ಹೇಳುವುದು ಅವನಿಗಾಗಿಯೋ, ನನ್ನ ಎದೆ ಹಗುರಾಗಲೆಂದೋ? ಅದರ ಮೇಲೂ ಅನುಮಾನ ನನಗೆ.

ಗಾಜಿನಾಚೆ ಕೈ ತೊಳೆಯುತ್ತಿದ್ದಾನೆ. ಮೊಣಕೈವರೆಗೆ, ಸೋಪು ಹಾಕಿ, ನಿಧಾನವಾಗಿ.

ಬಂದ. ನೀಲಿ ಗೌನು, ಮಾಸ್ಕ್. ಸ್ಟೂಲ್ ಎಳೆದುಕೊಂಡ.

"ಮಾತಾಡಬೇಡ, ಉಸಿರು ಉಳಿಸ್ಕೋ. ಕಿಡ್ನಿ ಹೋದ್ರೆ ಹೋಗ್ಲಿ ಕಣೇ, ಅದೊಂದು ಮಾಂಸದ ಚೂರು. ನನಗೆ ಅಂಬಲಿ ತಂದವಳು ವಾಪಸ್ ಬಂದ್ರೆ ಸಾಕು." ಪುಸ್ತಕದ ಕಡೆ ನೋಡಿದ. "ಏನು ಬರೀತಿದೀಯ? ನನಗಾ?"

ತಲೆಯಾಡಿಸಿದೆ. ಹೂಂ, ನಿನಗೆ. ಬರೆದು ನಿನ್ನ ಕಡೆ ತಿರುಗಿಸುತ್ತೇನೆ.

ಗಚಾಂಜ, ಅವತ್ತು ನಾನು ಬಂದದ್ದು ಅಂಬಲಿ ಕೊಡಲು ಅಲ್ಲ. ನೀನು ತೊಳೆದಿಟ್ಟ ಲೋಟ ನೋಡಿ ನಾನು