ಹದಿಮೂರರ ಮಗ್ಗಿ

ಮನೆಯಿಂದ, ಅಡುಗೆಮನೆಯ ಮೇಜು
ಮಾರ್ಚ್ 3ರಿಂದ 9ರವರೆಗೆ

ಪ್ರೀತಿಯ ಮಗನೇ,

ತಾರೀಖು ನೋಡಿ ನಗಬೇಡ. ಒಂದು ಪತ್ರಕ್ಕೆ ಏಳು ದಿನ ಹಿಡಿಯಿತು. ಹೇಗಿದ್ದೀಯ? ಚಳಿ ಬಿದ್ದಾಗ ಎಡಗಿವಿ ಈಗಲೂ ನೋಯುತ್ತದೆಯೇ? ಸೊಸೆ, ಮೊಮ್ಮಗಳು ಆರೋಗ್ಯವೇ? ಮೊನ್ನೆ ಸೊಸೆ ನಿನ್ನ ಅಮ್ಮನಿಗೆ ಫೋನ್ ಮಾಡಿ, ಮಗುವಿನ ವಿಷಯ ಹೇಳಿ ಅತ್ತಳು. ಈ ಪತ್ರ ಅದಕ್ಕಾಗಿಯೇ. ಆದರೆ ನೇರವಾಗಿ ಅಲ್ಲಿಗೇ ಹೋದರೆ ನೀನು ಇದನ್ನು ಹರಿದು ಬಿಸಾಡುತ್ತೀಯ. ಒಂಬತ್ತು ವರ್ಷದಿಂದ ನನ್ನ ಮುಖ ನೋಡದವನು ನೀನು. ಅಕ್ಷರ ಕೋಳಿ ಕೆರೆದ ಹಾಗಿದೆ, ಸಹಿಸಿಕೋ. ಇದು ಎಡಗೈ ಬರಹ. ಬಲಗೈ ಹೋದದ್ದನ್ನು ಅಮ್ಮ ಹೇಳಿರುತ್ತಾಳೆ. ನನ್ನ ಮಾನ ಉಳಿಸಲು ಮೆಷಿನ್ ಕೆಟ್ಟಿತ್ತು ಎಂದೂ ಸೇರಿಸಿರುತ್ತಾಳೆ.

ಮೆಷಿನ್ ಚೆನ್ನಾಗೇ ಇತ್ತು. ಕೆಟ್ಟಿದ್ದು ನನ್ನ ತಲೆ. ನಮ್ಮ ಕಾರ್ಖಾನೆಯಲ್ಲಿ ತಗಡು ಒತ್ತುವ ಹೊಸ ಪ್ರೆಸ್‌ಗೆ ಎರಡು ಗುಂಡಿ. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯುತ್ತದೆ. ಕೈ ಒಳಗೆ ಸಿಗಬಾರದೆಂದು ಆ ಏರ್ಪಾಡು. ಅದನ್ನು ಕಲಿಸಲು ಬಂದವಳು ಇಪ್ಪತ್ತಾರರ ಹುಡುಗಿ. ನಾನು ಮೊದಲ ಸಲ ಪ್ರೆಸ್ ಮುಂದೆ ನಿಂತಾಗ ಅವಳಿನ್ನೂ ಹುಟ್ಟಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. "ನಂಗೇ ಕಲಿಸೋಕೆ ಬಂದ್ಯಾ? ಹೋಗು, ಹಾಲು ಕುಡ್ಕೊಂಡು ಬಾ" ಎಂದು ಎಲ್ಲರೆದುರು ಅವಳ ಪುಸ್ತಕ ಕಿತ್ತು ಎಸೆದೆ. ಅವತ್ತು ಸಂಜೆಯೇ ಬಲಗುಂಡಿಗೆ ಮರದ ಚೂರು ಸಿಕ್ಕಿಸಿ ಟೇಪ್ ಸುತ್ತಿದೆ. ಗುಂಡಿ ಒತ್ತಿಕೊಂಡೇ ಇರುತ್ತಿತ್ತು. ಬಲಗೈಯಲ್ಲಿ ತಗಡು ಸರಿಪಡಿಸುತ್ತ ಎಡಗೈಯಲ್ಲಿ ಒತ್ತುತ್ತಿದ್ದೆ. ಹತ್ತು ದಿನ ಎಲ್ಲರಿಗಿಂತ ಜಾಸ್ತಿ ಮಾಲು ತೆಗೆದು ಮೀಸೆ ತಿರುವಿದೆ. ಹನ್ನೊಂದನೇ ದಿನ ಎಡಗೈ ಒಂದು ಕ್ಷಣ ಮೊದಲೇ ಒತ್ತಿತು. ನೋವು ಮೊದಲು ಬರಲಿಲ್ಲ ಕಣೋ, ಸದ್ದು ಬಂತು, ಒಣಕಟ್ಟಿಗೆ ಮುರಿದ ಹಾಗೆ. ಅಚ್ಚು ಮೇಲೆದ್ದಾಗ ನನ್ನ ಬೆರಳುಗಳು ತಗಡಿಗೆ ಅಂಟಿಕೊಂಡು ತಗಡಿನಷ್ಟೇ ಚಪ್ಪಟೆಯಾಗಿದ್ದವು. ಕೂಗುತ್ತಿರುವವನು ನಾನೇ ಎಂದು ತಡವಾಗಿ ಗೊತ್ತಾಯಿತು. ಬೆಲ್ಟು ಬಿಚ್ಚಿ ನನ್ನ ತೋಳಿಗೆ ಬಿಗಿದು ರಕ್ತ ನಿಲ್ಲಿಸಿದವಳು ಅದೇ ಹುಡುಗಿ.

ಆಸ್ಪತ್ರೆಗೂ ಬಂದಳು, ಕಾಪಿ ಪುಸ್ತಕ, ಮಗ್ಗಿ ಪುಸ್ತಕ ಹಿಡಿದು. ಎಡಗೈಯಲ್ಲಿ ಬರೆಯಲು, ಲೆಕ್ಕ ಮಾಡಲು ಕಲಿತರೆ ಸ್ಟೋರಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸ ಕೊಡಿಸುತ್ತಾಳಂತೆ. ಊಟದ ತಟ್ಟೆ ಅವಳತ್ತ ಬೀಸಿದೆ. ಹಣೆ ಒಡೆದು ಮೂರು ಹೊಲಿಗೆ ಬಿತ್ತು. ಮರುದಿನ ಪಟ್ಟಿ ಕಟ್ಟಿಕೊಂಡೇ ಬಂದು "ಎಡಗೈ ಗುರಿ ಚೆನ್ನಾಗಿದೆ ಸಾರ್, ಈಗ ಪೆನ್ಸಿಲ್ ಹಿಡೀರಿ" ಎಂದಳು. ನಾಚಿಕೆಯಿಂದ ಹಿಡಿದೆ. ಮನೆಗೆ ಬಂದ ಮೇಲೆ ಒಂದು ದಿನ, ಒಂದು ಅಕ್ಷರವೂ ನೆಟ್ಟಗೆ ಮೂಡದ ಸಿಟ್ಟಿಗೆ, ನಿನ್ನ ಅಮ್ಮನ ಮೇಲೆ ಎಡಗೈ ಎತ್ತಿದೆ. ಅವಳು ಲಟ್ಟಣಿಗೆ ಹಿಡಿದು ನಿಂತು "ಆ ಕೈಯೂ ಬೇಡ್ವಾ ನಿಮ್ಗೆ?" ಎಂದಳು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಮೊದಲ ಸಲ ನಾನು ಹಿಂದೆ ಸರಿದೆ. ಎಡಗೈಗೆ ಬರೆಯಲು ಕಲಿಸುವುದಕ್ಕೆ ಏಳು ತಿಂಗಳು ಬೇಕಾಯಿತು. ಹೊಡೆಯಲು ಯಾರೂ ಕಲಿಸಿರಲಿಲ್ಲ, ಆದರೂ ಬರುತ್ತಿತ್ತು. ಹೊಡೆಯುವವನು ನಾನು, ಕೈಯಲ್ಲ ಎಂದು ಅವತ್ತು ತಿಳಿಯಿತು.

ನಿನಗೆ ಒಂಬತ್ತು ವರ್ಷವಾಗಿದ್ದಾಗಿನ ಆ ಸಂಜೆಯನ್ನು ನೀನು ಮರೆತಿರಲಾರೆ. ನನ್ನೆದುರು ಹದಿಮೂರರ ಮಗ್ಗಿ ಒಪ್ಪಿಸುತ್ತಿದ್ದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಆ ಮಗ್ಗಿ ಬರುತ್ತಿರಲಿಲ್ಲ. ಪುಸ್ತಕ ಹಿಡಿದು ದೊಡ್ಡ ಮೇಷ್ಟ್ರ ಹಾಗೆ ಕೂತಿದ್ದೆ. ಹದಿಮೂರೊಂಬತ್ಲ ಎಷ್ಟೆಂದು ಕೇಳಿದೆ. ನೀನು ಹೇಳಿದೆ. ತಪ್ಪೆಂದು ಹೊಡೆದೆ. ನೀನು ಮತ್ತೆ ಅದನ್ನೇ ಹೇಳಿದೆ. ನನಗೇ ಎದುರು ಹೇಳುತ್ತಾನೆಂದು ಬೆಲ್ಟು ಬಿಚ್ಚಿದೆ. ಗೋಡೆಗೆ ಒತ್ತಿಕೊಂಡು, ಬಿಕ್ಕುತ್ತ, ನೀನು ಅದನ್ನೇ ಹೇಳಿದೆ. ಕೊನೆಗೆ ಕೆನ್ನೆಗೆ ಬಾರಿಸಿದ ಏಟು ಕಿವಿಗೆ ಬಿದ್ದು ರಕ್ತ ಬಂತು. ಆಗ ನೀನು, ನಾನು ಪುಸ್ತಕ ನೋಡಿ ಹೇಳಿದ ಸಂಖ್ಯೆಯನ್ನೇ ಒಪ್ಪಿಕೊಂಡೆ. ನಾನು ಗೆದ್ದವನ ಹಾಗೆ ಹೋಗಿ ಊಟಕ್ಕೆ ಕೂತೆ.

ಈಗ ಸ್ಟೋರಿನಲ್ಲಿದ್ದೇನೆ. ಹೊಸಬರು ಬಂದರೆ ಆ ಹುಡುಗಿ ನನ್ನ ಮೊಂಡುಗೈ ತೋರಿಸಿಯೇ ಪಾಠ ಶುರು ಮಾಡುತ್ತಾಳೆ. ಐವತ್ತೆಂಟಕ್ಕೆ ಕಾಪಿ ಬರೆಯುವವನೆಂದು ಜೊತೆಯವರು ನನಗೆ 'ಒಂದನೇ ಕ್ಲಾಸು' ಎಂದೇ ಹೆಸರಿಟ್ಟಿದ್ದಾರೆ. ಸಿಟ್ಟು ನೆತ್ತಿಗೇರುತ್ತದೆ. ನುಂಗಿಕೊಳ್ಳುತ್ತೇನೆ. ಅದನ್ನೂ ಕಲಿಯುತ್ತಿದ್ದೇನೆ.

ಮಗುವಿಗೆ ಒಂದು ಮುತ್ತು. ನಿನಗೆ ಆಶೀರ್ವಾದ ಮಾಡಲು ಕೈ ಎತ್ತಬೇಕು; ನಾನು ಕೈ ಎತ್ತಿದರೆ ನಿನಗೆ ಏನು ನೆನಪಾಗುತ್ತದೆಂದು ಗೊತ್ತು. ಬಾಯಲ್ಲೇ ಹೇಳುತ್ತೇನೆ, ಚೆನ್ನಾಗಿರು.

ನಿನ್ನ
ಅಪ್ಪ

ತಾ.ಕ.: ಇದನ್ನು ಮೇಲೆ ಬರೆಯುವ ಧೈರ್ಯ ಬರಲಿಲ್ಲ. ಹೋಂವರ್ಕ್ ತಪ್ಪಿತೆಂದು ನೀನು ಮಗುವಿಗೆ ಹೊಡೆದೆಯಂತೆ, ಬೆರಳು ಊದಿ ಪೆನ್ಸಿಲ್ ಹಿಡಿಯಲಾಗುತ್ತಿಲ್ಲವಂತೆ. ಆ ಪಾಠ ಹೇಳಿಕೊಟ್ಟವನು ನಾನು. ಅದನ್ನು ಬಿಡುವುದನ್ನೂ ಕಲಿಯಬಹುದು ಮಗಾ, ಕೈ ಹೋಗುವವರೆಗೆ ಕಾಯಬೇಡ. ಇನ್ನೊಂದು. ಆಸ್ಪತ್ರೆಯಲ್ಲಿ ಮಗ್ಗಿ ಬಾಯಿಪಾಠ ಮಾಡುವಾಗ ಗೊತ್ತಾಯಿತು, ಅವತ್ತು ನಾನು ಪುಸ್ತಕದಲ್ಲಿ ಒಂದು ಸಾಲು ಮೇಲೆ ನೋಡಿದ್ದೆ. ಹದಿಮೂರೊಂಬತ್ಲ ನೂರಹದಿನೇಳು. ನೀನು ಹೇಳಿದ್ದೇ ಸರಿ.