ಸಿನಿಮಾದವನಿಗೆ ತಿದ್ದಿಕೊಟ್ಟ ನಕ್ಷೆ

ಮನೆಯಿಂದ,
ಹನ್ನೊಂದನೇ ತಾರೀಖು, ಮಂಗಳವಾರ

ಪ್ರೀತಿಯ ಮಗನೇ,

ಹಾಂ, ಆ ಸಿನಿಮಾದವನ ವಿಷಯ. ನಿನ್ನೆಯ ಕಾಗದದಲ್ಲಿ ಅವನ ಹೆಸರೆತ್ತಿ, ಧೈರ್ಯ ಸಾಲದೆ ಅರ್ಧಕ್ಕೇ ಬಿಟ್ಟೆ. ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಬಲಗಣ್ಣಿನ ಉರಿ? ದಿನವಿಡೀ ದುರ್ಬೀನಿಗೆ ಕಣ್ಣು ನೆಟ್ಟು ಮಲಗುವ ಸ್ನೈಪರನಿಗೆ ಉರಿಯದೆ ಇನ್ನೇನಾದೀತು. ನನ್ನ ಮಂಡಿ ಹವಾಮಾನ ವರದಿ ಕೊಡುತ್ತಿದೆ, ಹೆಚ್ಚಾಗಿ ತಪ್ಪು ವರದಿ. ಮೈಗೇನೂ ಆಗಿಲ್ಲ. ನೀನಿರುವ ಜಾಗವನ್ನು ಬಾಯಿಬಿಟ್ಟುಬಿಟ್ಟೆನೇನೋ ಎಂಬ ಅಳುಕು ಮಾತ್ರ ಕೂತಲ್ಲಿ ಕೂರಗೊಡುತ್ತಿಲ್ಲ.

ಹೋದ ಗುರುವಾರ ಆ ಸಿನಿಮಾದವನು ಬಂದಿದ್ದ, ಕೈಯಲ್ಲೊಂದು ಚರ್ಮದ ಚೀಲ. 'ಯಜಮಾನ್ರೇ, ದೇಶ ಕಾಯೋ ಸ್ನೈಪರ್ ಒಬ್ಬನ ಮೇಲೆ ಸಿನಿಮಾ ಮಾಡ್ಬೇಕು ಅಂತಿದೀನಿ. ಊರಿನ ಕಟ್ಟಡಗಳ ನಕ್ಷೆಯೆಲ್ಲ ನಿಮ್ಮ ಕೈಯದೇ ಅಂತೆ, ನಾನು ಗೀಚಿರೋ ಈ ನಕ್ಷೆ ಸ್ವಲ್ಪ ನೋಡಿ' ಎಂದ. ಮೂವತ್ತೊಂದು ವರ್ಷ ನಗರಸಭೆಯಲ್ಲಿ ನಕ್ಷೆ ಬರೆದವನನ್ನು ಹಾಗೆ ಕೇಳಿದರೆ ಮುಗಿಯಿತು. ನಿನ್ನಮ್ಮ ಇದ್ದಿದ್ದರೆ ಬಾಗಿಲಲ್ಲೇ ನಿಲ್ಲಿಸಿ, 'ಯಾರ ಮಗನಪ್ಪಾ ನೀನು, ಊಟ ಎಲ್ಲಿ, ಬಟ್ಟೆ ಯಾರು ಒಗೀತಾರೆ' ಎಂದು ಮೂರೇ ಪ್ರಶ್ನೆಯಲ್ಲಿ ಅವನ ಬಂಡವಾಳ ಬಯಲು ಮಾಡುತ್ತಿದ್ದಳು. ನಾನು ಟೀ ಮಾಡಿಕೊಟ್ಟೆ, ಉಳಿದಿದ್ದ ಸಕ್ಕರೆಯನ್ನೆಲ್ಲ ಹಾಕಿ.

ಆ ನಕ್ಷೆಯ ಪ್ರಕಾರ ಅವನ ನಾಯಕ ಗಡಿಯಾರದ ಗೋಪುರದ ತುದಿಯಲ್ಲಿ ಕೂತು, ಗಾಳಿಗೆ ಕೂದಲು ಹಾರಿಸಿಕೊಂಡು ಗುಂಡು ಹೊಡೆಯುತ್ತಾನೆ. ನನಗೆ ನಗು ತಡೆಯಲಾಗಲಿಲ್ಲ. 'ಇಂಪಾಸಿಬಲ್, ಮೈ ಡಿಯರ್ ಸರ್! ದಿ ಹೀರೋ ಮಸ್ಟ್ ರಿಮೇನ್...' ಎಂದೆ. ಮುಂದಿನ ಪದ ಕಾಲೇಜಿನಲ್ಲೇ ಉಳಿದುಹೋಗಿದೆ. ಗೋಪುರ ಹತ್ತಿದವನು ಮಧ್ಯಾಹ್ನದೊಳಗೆ ಹೆಣ, ಕಿಟಕಿಗೆ ಅಂಟಿ ಕೂರಬಾರದು, ಕೋಣೆಯ ಹಿಂಬದಿಯ ಕತ್ತಲಲ್ಲಿ ಮೇಜಿನ ಮೇಲೆ ಮಲಗಬೇಕು ಎಂದು ರಜೆಗೆ ಬಂದಾಗ ನೀನೇ ಹೇಳಿದ್ದೆಯಲ್ಲ, ಅದನ್ನೆಲ್ಲ ಹೇಳಿದೆ. ಅಷ್ಟಕ್ಕೇ ನಿಂತಿದ್ದರೆ! 'ಅಂಥಾ ಕೋಣೆ ಈ ಹೊಳೆ ದಂಡೇಲಿ ಎಲ್ಲಿದೆ ಸಾರ್? ನೋಡೋರು ನಂಬ್ಬೇಕಲ್ಲ' ಎಂದ. ನಾನು ಪೆನ್ಸಿಲ್ ಚೂಪು ಮಾಡಿಕೊಂಡೆ. ಇದೇ ಊರಿನ ದಂಡೆಯಲ್ಲಿ ನೀನೀಗ ಮಲಗಿರುವ, ರಜೆಯಲ್ಲಿ ನೀನೇ ಗುಟ್ಟಾಗಿ ಹೇಳಿದ್ದ ಕೋಣೆಯನ್ನೇ, ಅಳತೆ ಸಮೇತ, ಮೆಟ್ಟಿಲು ಯಾವ ಕಡೆ ಎಂಬುದನ್ನೂ ಸೇರಿಸಿ ಅವನ ನಕ್ಷೆಯ ಮೇಲೇ ಬರೆದುಕೊಟ್ಟೆ. ಕಣ್ಣೆದುರಿಗೆ ತಪ್ಪು ನಕ್ಷೆ ಇದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ.

ಗೋಡೆಯ ಮೇಲಿದ್ದ ನಿನ್ನ ಸಮವಸ್ತ್ರದ ಫೋಟೋವನ್ನು ಅವನು ತುಂಬಾ ಹೊತ್ತು ನೋಡಿದ. ಯಾರೆಂದು ಕೇಳಲಿಲ್ಲ. ಸ್ನೈಪರನ ಕಥೆ ಹುಡುಕಿಕೊಂಡು ಬಂದವನು ಯಾಕೆ ಕೇಳಲಿಲ್ಲ? ನಿನ್ನೆ ಠಾಣೆಗೆ ಹೋದೆ. 'ಸಿನಿಮಾ ತೆಗೆಯೋದು ಅಪರಾಧ ಅಲ್ಲ ತಾತ, ನಿಮಗೂ ಒಂದು ಪಾರ್ಟ್ ಕೇಳಿ' ಎಂದು ಪೇದೆ ನಕ್ಕ. ಸೈನ್ಯದ ಕಚೇರಿಗೆ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ಕಾಯಿರಿ ಎಂದರು, ಕಾದೆ, ಕಟ್ಟಾಯಿತು. ಅವನು ನಿಜಕ್ಕೂ ಸಿನಿಮಾದವನೇ ಇರಬಹುದು. ಹೋಗುವಾಗ ಲೋಟವನ್ನು ತಾನೇ ತೊಳೆದಿಟ್ಟ. ಅಂಥವನು...

ಸಾಲು ಸೊಟ್ಟಗಾಗುತ್ತಿದೆ. ಕರೆಂಟಿಲ್ಲ, ಕಿಟಕಿಯ ಬೆಳಕೂ ಹೋಗುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ. ಹೊತ್ತಿಗೆ ಸರಿಯಾಗಿ ತಿನ್ನು. ಅಮ್ಮನ ಪಾಲಿನ ಆಶೀರ್ವಾದವನ್ನೂ ನನ್ನದರ ಜೊತೆಗೇ ಸೇರಿಸಿದ್ದೇನೆ.

ನಿನ್ನ
ಅಪ್ಪ

ತಾ.ಕ.: ಪಕ್ಕದ ಮನೆಯ ದರ್ಜಿ ಈಗ ಓಡಿಬಂದ. ಆ ಸಿನಿಮಾದವನು ಇಳಿದಿದ್ದ ಲಾಡ್ಜಿನಲ್ಲಿ ವಿಚಾರಿಸಿದನಂತೆ. ಶುಕ್ರವಾರ ಬೆಳಗ್ಗೆಯೇ ಆ ಆಸಾಮಿ ದೋಣಿ ಹಿಡಿದು ಆಚೆ ದಡಕ್ಕೆ, ಶತ್ರುವಿನ ಕಡೆಗೆ ಹೋದನಂತೆ. ಮಗನೇ, ಆ ಕೋಣೆ ಬಿಡು. ಕರ್ಫ್ಯೂ ಹಾಕಿದ್ದಾರೆ, ಬೆಳಗಾಗುವವರೆಗೆ ನಾನು ಬೀದಿಗಿಳಿಯುವಂತಿಲ್ಲ. ಕಾಗದ ಮುಟ್ಟುವುದಕ್ಕೆ ಎಂಟು ದಿನ. ಸೈನಿಕರ ಕಾಗದಗಳನ್ನು ಒಡೆದು ಓದುವ ಅಧಿಕಾರಿಗಳೇ, ಇದು ನನ್ನ ಮಗನಿಗಿಂತ ಮೊದಲು ನಿಮ್ಮ ಕೈಗೆ ಬರುತ್ತದೆ. ಬೇಕಾದ್ದಕ್ಕೆಲ್ಲ ಮಸಿ ಬಳಿಯಿರಿ. ಸರ್, ಕೈಂಡ್ಲಿ, ಅವನನ್ನು ಅಲ್ಲಿಂದ ಎಬ್ಬಿಸಿ.