ಒಪ್ಪತ್ತಿನ ಕಾಫಿ

10-11-25, ಸೋಮವಾರ, ಬೆಳಗಿನ ಜಾವ

ಕಾರ್ತಿಕ ಸೋಮವಾರ. ಮಾದಪ್ಪನ ಒಪ್ಪತ್ತು. ಕೊಟ್ಟಿಗೆ ಗುಡಿಸಿ, ಹಸು ಕರೆದು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಾಯಿತು. ದೀಪ ಹಚ್ಚಿದೆ. ಇವತ್ತು ಯಜಮಾನರಿಗೂ ಉಪವಾಸ — ಮೈಸೂರಿನ ಆಸ್ಪತ್ರೆಯಲ್ಲಿ ಹೃದಯದ ಸ್ಕ್ಯಾನ್. ಉಪವಾಸ ಇದ್ದು ಬರಬೇಕಂತೆ. ಇಬ್ಬರಿಗೂ ಒಂದೊಂದು ಲೋಟ ಕಾಫಿ ಕಾಸಿದೆ. ಒಪ್ಪತ್ತಿಗೆ ಕಾಫಿ ನಡೆಯುತ್ತದೆ, ನಮ್ಮತ್ತೆಯ ಕಾಲದಿಂದಲೂ.

"ನಿನ್ ಮಾದಪ್ಪಂಗೂ ಡಾಕ್ಟ್ರಿಗೂ ಒಂದೇ ವ್ರತ ಕಣಮ್ಮಿ" ಅಂದರು. ದಿಬ್ಬ ಹತ್ತಿದರೆ ಎದೆ ಹಿಡಿಯುತ್ತದೆ, ಬಾಯಿ ಮಾತ್ರ...

ಬಸ್ಸಿಗೆ ಹೊತ್ತಾಯಿತು.

11-11-25, ಮಂಗಳವಾರ

ನಿನ್ನೆಯದು. ಏನಾದರೂ ತಿಂದಿದ್ದೀರಾ ಅಂತ ಸ್ಕ್ಯಾನ್ ರೂಮಿನ ಹುಡುಗಿ ಕೇಳಿದಳು. ಇಲ್ಲ ಅಂದೆವು. ಕೈಗೆ ಸೂಜಿ. ಅದರಲ್ಲಿ ಹೋಗುವ ಔಷಧಿಯನ್ನು ಮೆಷಿನ್ ಹೊರಗಿನಿಂದಲೇ ನೋಡುತ್ತದಂತೆ. ಸುಮ್ಮನೆ ಮಲಗಿದ್ದಾಗ ಒಂದು ಸಲ, ರಕ್ತನಾಳ ಅಗಲಿಸುವ ಇಂಜೆಕ್ಷನ್ ಕೊಟ್ಟು ಇನ್ನೊಂದು ಸಲ. ಹೃದಯದ ಮಾಂಸಕ್ಕೆ ಎಷ್ಟು ರಕ್ತ ಹರಿಯಿತು ಅಂತ ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ಪರದೆ ಮೇಲೆ ಇವರ ಹೃದಯ — ಕೋಡುಬಳೆ ಹಾಗೆ, ಕೆಂಪು, ಹಳದಿ. ಇಷ್ಟು ವರ್ಷ ಜೊತೆಗಿದ್ದೂ ನೋಡಿರಲಿಲ್ಲವಲ್ಲ. ಮನಸ್ಸಿನಲ್ಲೇ ಕೈ ಮುಗಿದೆ.

ಇಂಜೆಕ್ಷನ್ ಕೊಟ್ಟ ಮೇಲೆ ರಕ್ತದ ಹರಿವು ಎರಡರಷ್ಟಾದರೂ ಆಗಬೇಕಿತ್ತಂತೆ. ಏರಲೇ ಇಲ್ಲ. "ಮೂರೂ ನಾಳ ಕಟ್ಟಿರಬಹುದಮ್ಮ. ಹಾಗಿದ್ರೆ ಬೈಪಾಸ್ ಆಪರೇಷನ್. ಇನ್ನೊಂದ್ಸಲ ಕೂತು ನೋಡಿ ಹೇಳ್ತೀನಿ" ಎಂದರು ಡಾಕ್ಟರ್ ಬಸವಪ್ರಸಾದ್.

ವಾಪಸ್ ಬರುವಾಗ ಇವರು ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ಬಸ್ಸಿಂದ ಇಳಿದು ಹೋಗಿ ಬಾಳೆಹಣ್ಣು ತಂದು ನನ್ನ ಮಡಿಲಿಗೆ ಹಾಕಿದರು. "ಮೊದ್ಲು ನೀನ್ ತಿನ್ನು."

14-11-25, ಶುಕ್ರವಾರ

ಹಾಲಿನ ಗಾಡಿ ಚಿಕ್ಕಮಾದು ಬೆಳಗ್ಗೆ ಫೋನು ಹಿಡಿದು ಬಂದ. ಮದ್ದೂರು ಕಾಡಂಚಿನ ನಮ್ಮೂರಿಗೆ ನೆಟ್‌ವರ್ಕ್ ಇಲ್ಲ, ಸುದ್ದಿ ಎಲ್ಲ ದಿನಾ ಪೇಟೆಗೆ ಹೋಗಿಬರುವ ಅವನ ಫೋನಿಗೇ. ಚಾಮರಾಜನಗರದಲ್ಲಿ ನರ್ಸ್ ಆಗಿರುವ ಅಣ್ಣನ ಮಗಳು ವನಿತಾ ಕಳಿಸಿದ್ದಳು —

"ಅತ್ತೆ, ಡಾಕ್ಟ್ರು ಫೋನ್ ಮಾಡಿದ್ರು. ಹೃದಯದ ಸುತ್ತ ಎಲ್ಲೂ ರಕ್ತದ ಹರಿವು ಏರಿಲ್ಲ, ಎಲ್ಲಾ ಕಡೆ ಒಂದೇ ಥರ, ಇಂಜೆಕ್ಷನ್ನೇ ಕೆಲಸ ಮಾಡಿಲ್ವೇನೋ ಅಂತ ಅನುಮಾನವಂತೆ. ಅವತ್ತು ಮಾವ ಕಾಫಿ ಟೀ ಏನಾದ್ರೂ ಕುಡಿದಿದ್ರಾ? ಕುಡಿದಿದ್ರೆ ಆ ಇಂಜೆಕ್ಷನ್ ಕೆಲಸ ಮಾಡಲ್ಲ, ಲೆಕ್ಕ ಸುಳ್ಳಾಗುತ್ತೆ, ಇನ್ನೊಂದ್ಸಲ ಸ್ಕ್ಯಾನ್. ಕುಡಿದಿಲ್ಲ ಅಂದ್ರೆ ಆಪರೇಷನ್ ಡೇಟ್ ಕೊಡ್ತಾರೆ. ಉಪವಾಸ ಇರ್ಬೇಕು ಅಂತ ನಾನೇ ಹೇಳಿದ್ನಲ್ಲ, ಕುಡಿದಿರಲ್ಲ ಅನ್ಕೊಂಡಿದ್ದೀನಿ."

ಸೋಮವಾರದ ಕಾಫಿ ಇವರೂ ಕುಡಿದಿದ್ದರು.

"ಚೀಟೀಲಿ ಬರ್ದಿಡಕ್ಕ. ಸಂಜೆ ಆಲಿಗೆ ಬಂದಾಗ ಈಸ್ಕೊಂಡೋಗಿ ಫೋಟೊ ಒಡ್ದು ಕಳ್ಸ್ತೀನಿ" ಅಂದು ಚಿಕ್ಕಮಾದು ಹೋದ.

ಇವರು ಗೋಡೆಗೆ ಒರಗಿದ್ದವರು, "ಇಲ್ಲ ಅಂತ ಬರಿ" ಅಂದರು.

"ಯಾಕೆ?"

"ಕಾಸಿದ್ದು ನೀನು. ನಿಮ್ಮಣ್ಣನ್ ಮಗ್ಳು ನರ್ಸಮ್ಮ, ನೆಂಟ್ರ ಮುಂದೆಲ್ಲಾ ನಿನ್ನೇ ಆಡ್ಕೋತಾಳೆ. ಕುಯ್ಯೋದಾದ್ರೆ ಕುಯ್ಲಿ ಬುಡು."

"ನಂಗೆ ಬಯ್ತಾರೆ ಅಂತ ನೀವು ಎದೆ ಸೀಳುಸ್ಕೊತೀರಾ? ಥೂ, ಬುದ್ಧಿ ಎಲ್ಲಿಟ್ಟಿದ್ದೀರಿ?"

ನಕ್ಕರು. "ಬರ್ಕೊ ಅಂಗಾರೆ. ಕಾಫಿ ಚೆನ್ನಾಗಿತ್ತು ಅಂತ್ಲೂ ಬರಿ."

ಅದೇ ದಿನ, ಸಂಜೆ

ಬರೆದೆ. ಕುಡಿದಿದ್ದಾರೆ, ಕಾಸಿ ಕೊಟ್ಟವಳು ನಾನೇ, ದಯವಿಟ್ಟು ಇನ್ನೊಂದು ಸಲ ನೋಡಿ ಅಂತ. ಆಗಲೂ ಏರದಿದ್ದರೆ ಆಪರೇಷನ್ನೇ. ಮಾದಪ್ಪ ಇದ್ದಾನೆ.

ಸೋಮವಾರದಿಂದ ಕಣ್ಣು ಮುಚ್ಚದವರು ಜಗಲಿಯಲ್ಲಿ ನನ್ನ ತೊಡೆ ಮೇಲೆ ತಲೆಯಿಟ್ಟು ಮಲಗಿದ್ದಾರೆ. ನನ್ನ ಸೆರಗು ಅವರ ಮುಷ್ಟಿಯಲ್ಲಿ. ಉಸಿರು ನಿಧಾನ... ತಿರುವಿನಲ್ಲಿ ಹಾಲಿನ ಗಾಡಿಯ ಹಾರ್ನ್. ಎದ್ದರೆ ಇವರಿಗೆ ಎಚ್ಚರವಾಗುತ್ತದೆ. ಪಕ್ಕದ ಮನೆ ಸುಧಾಮಣಿ ಅಂಗಳದಲ್ಲೇ ಇದ್ದಾಳೆ. ಕೈ ಬೀಸಿದೆ, ಈ ಕಡೆ ನೋಡುತ್ತಿಲ್ಲ. ಕೂಗುವ ಹಾಗೂ ಇಲ್ಲ, ಮನಸ್ಸಿನಲ್ಲೇ ಕರೆಯುತ್ತಿದ್ದೇನೆ. ಸುಧಾಮಣೀ, ಸದ್ದು ಮಾಡ್ದೆ ಬಾರವ್ವ, ಈ ಚೀಟಿ ತಕ್ಕೊಂಡೋಗಿ ಚಿಕ್ಕಮಾದು ಕೈಗೆ ಕೊಡವ್ವ.